ಮೈದಾ ಅಂಟಿನ ವಿಮಾನ

ಹೋದ ವಾರ ನಮ್ಮ ಬಚ್ಚಲುಮನೆಯ ಪೈಪು ಒಡೆದಿತ್ತು. ಪ್ಲಂಬರ್ ಬಂದು ಬಿಳಿ ಪೈಪನ್ನು ಗರಗಸದಲ್ಲಿ ಕೊಯ್ದ, ಚಿಕ್ಕದೊಂದು ಡಬ್ಬಿಯ ಮುಚ್ಚಳ ತೆಗೆದ. ವಾಸನೆ ನಡುಮನೆಯವರೆಗೆ ಬಂತು. ಸಿಹಿ ಅನ್ನುವಂತಿಲ್ಲ, ಘಾಟು ಅನ್ನುವಂತೆಯೂ ಇಲ್ಲ. ಹುಬ್ಬುಗಳ ನಡುವೆ ಎಲ್ಲೋ ಹೋಗಿ ಕೂತುಬಿಡುವ ವಾಸನೆ.

“ಮುಟ್ಟಬೇಡಿ ಮೇಡಂ,” ಅಂದ, ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿದುಕೊಂಡೇ. “ಐದು ನಿಮಿಷ ಬಿಟ್ಬಿಡಿ. ಆಮೇಲೆ ನೀವೇ ಬೇಕು ಅಂದ್ರೂ ಬಿಡಿಸಕ್ಕಾಗಲ್ಲ.”

ಈ ವಾಸನೆ ನನಗೆ ಮೊದಲು ಗೊತ್ತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಶ್ರೀನಿವಾಸಪುರದಲ್ಲಿ, ನಾವು ಬಾಡಿಗೆಗಿದ್ದ ಮನೆಯ ಜಗಲಿಯ ಮೇಲೆ. ಹೀಗೆ ಬರೆದ ಕೂಡಲೇ ಕೈ ನಿಲ್ಲುತ್ತದೆ. ಜಗಲಿಯೇ ಆಗಿತ್ತೇ? ದಸರೆಗೆ ಮುಂಚಿನ ದಿನಗಳು, ಮಳೆ ಹನಿಯುತ್ತಿದ್ದಿರಬೇಕು, ಒಳಗೇ ಕೂತಿದ್ದೆವೋ ಏನೋ... ವಾಸನೆ ಮಾತ್ರ ನಿಜ. ಅದನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೆ ಮನಸ್ಸು ಒಂದು ಜಗಲಿ ಕಟ್ಟಿಕೊಟ್ಟಿದೆ. ಇರಲಿ. ಜಗಲಿ ಎಂದೇ ಇಟ್ಟುಕೊಳ್ಳುತ್ತೇನೆ.

ಆಗ ನನಗೆ ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಗಂಡನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಮನೆಯ ಮುಂದಿನ ಎರಡು ಕೋಣೆಗಳು ನಮಗೆ, ಹಿಂದಿನ ಭಾಗ ಮನೆಯ ಒಡತಿಗೆ. ಅವರನ್ನು ನಾವು ಓನರಮ್ಮ ಎನ್ನುತ್ತಿದ್ದೆವು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬನೇ ಮಗ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ, ಉತ್ತರದ ಬೆಟ್ಟಗಳಲ್ಲಿ.

ಓನರಮ್ಮನ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುವ ಪದ್ಧತಿಯಿತ್ತು. ತವರಿನಿಂದ ಬಂದ ಮರದ ರಾಜ ರಾಣಿ, ಮಣ್ಣಿನ ಶೆಟ್ಟಿ, ಶೆಟ್ಟಮ್ಮ, ಮೂಗು ಮುರಿದ ಒಬ್ಬ ಪೊಲೀಸಿನವನು. ವರ್ಷವಿಡೀ ಇವರೆಲ್ಲ ಮಾವಿನಹಣ್ಣಿನ ಪೆಟ್ಟಿಗೆಗಳಲ್ಲಿ, ಒಣಹುಲ್ಲಿನೊಳಗೆ ಮಲಗಿರುತ್ತಿದ್ದರು. ಆ ಮನೆಗೆ ಎರಡು ಕಟ್ಟಲೆ. ಪ್ರತಿ ದಸರೆಗೆ ಒಂದಾದರೂ ಹೊಸ ಗೊಂಬೆ ಸೇರಬೇಕು. ಮನೆಯಲ್ಲಿ ಸಾವಾದ ವರ್ಷ ಗೊಂಬೆ ಕೂರಿಸಬಾರದು.

ಹೊಸ ಗೊಂಬೆ ತರುವುದು ಮಗನ ಪಾಲಿನ ಕೆಲಸ. ಆದರೆ ಅವನು ತರುತ್ತಿದ್ದದ್ದು ಗೊಂಬೆಯನ್ನಲ್ಲ. ರಜೆಗೆ ಬರುವಾಗ ದೆಹಲಿಯಲ್ಲಿ ರೈಲು ಬದಲಿಸುವ ಹೊತ್ತಿನಲ್ಲಿ ಯಾವುದೋ ಅಂಗಡಿಯಲ್ಲಿ ಕೊಂಡ ರಟ್ಟಿನ ಪೆಟ್ಟಿಗೆ. ಮುಚ್ಚಳದ ಮೇಲೆ ಮೋಡ, ಹೊಗೆ, ಬೆಂಕಿಯ ನಡುವೆ ವಾಲಿಕೊಂಡು ಹಾರುವ ಯುದ್ಧವಿಮಾನ. ಮುಚ್ಚಳ ತೆಗೆದರೆ ವಿಮಾನವೇ ಇಲ್ಲ. ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಕಡ್ಡಿಗೆ ಎಲೆಗಳಿರುವ ಹಾಗೆ ಅವಕ್ಕೆ ಅಂಟಿಕೊಂಡ ರೆಕ್ಕೆ, ಚಕ್ರ, ಬಾಲ, ಹೆಬ್ಬೆಟ್ಟಿನ ಉಗುರಿಗಿಂತ ಚಿಕ್ಕವನಾದ ಒಬ್ಬ ಮನುಷ್ಯ. ಜೊತೆಗೆ ಯಾವುದನ್ನು ಯಾವುದಕ್ಕೆ ಸೇರಿಸಬೇಕು ಎಂದು ಚಿತ್ರ ಬರೆದ ಹಾಳೆ. ಬಂದವನು ಬೂಟು ಬಿಚ್ಚಿ, ಹಳೆಯ ಬ್ಲೇಡು ಹಿಡಿದು ಕೂರುತ್ತಿದ್ದ. ಒಂದೊಂದೇ ಚೂರು ಬಿಡಿಸಿ, ಸಣ್ಣ ಟ್ಯೂಬಿನಿಂದ ಅಂಟು ಹಚ್ಚಿ, ಉಸಿರು ಬಿಗಿಹಿಡಿದು ಸೇರಿಸುತ್ತಿದ್ದ. ಓನರಮ್ಮ ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತ ನೋಡುತ್ತಿದ್ದರು.

ಗೊಂಬೆಗಳ ಮುಂದೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಹೊಲ ಮಾಡುವುದು ನನ್ನ ಕೆಲಸವಾಗಿತ್ತು. ಆ ರಾಗಿ ಹೊಲದ ನಡುವೆ ಅವನು ಅಂಟಿಸಿ ಮಾಡಿದ ಒಂದು ಟ್ಯಾಂಕು, ಮೂತಿಯನ್ನು ಶೆಟ್ಟಿಯ ಬೇಳೆ ಅಂಗಡಿಯ ಕಡೆಗೆ ತಿರುಗಿಸಿಕೊಂಡು. ಮೇಲಿನ ಮೆಟ್ಟಿಲಲ್ಲಿ ಒಂದು ವಿಮಾನ. ದೀಪದ ಕಾವಿಗೆ ಅದರ ಎಡರೆಕ್ಕೆ ಮೆತ್ತಗಾಗಿ ಜೋತುಬಿದ್ದಿತ್ತು. ಅಂದಿನಿಂದ ದೀಪವನ್ನು ಆಚೆ ಪಕ್ಕಕ್ಕೆ ಇಡುತ್ತಿದ್ದರು.

ಎದುರುಮನೆಯಾಕೆ ತೆಲುಗು ಮನೆಮಾತಿನವರು, ಬಾಯಿ ಜೋರು. ಗೊಂಬೆ ನೋಡಲು ಮೊದಲು ಬರುತ್ತಿದ್ದವರು ಅವರೇ.

“ಏಮ್ಮಾ, ಪಾಪ ಶೆಟ್ಟಿ ಏನ್ ಮಾಡಿದ್ದ? ಫಿರಂಗಿ ಅವನ ಕಡೆಗೇ ಇಟ್ಟಿದೀರಲ್ಲ.”

“ಬೇಳೆ ರೇಟು ಏರಿಸಿದಾನಂತೆ ಅತ್ತೆ,” ಅಂದ ಮಗ.

“ನೀನೊಬ್ಬ. ಏನೋ ಅಬ್ಬಾಯಿ, ವರ್ಷ ವರ್ಷ ಇಮಾನ, ಟ್ಯಾಂಕು ಅಂತ ತರ್ತೀಯ. ನಡೆದಾಡೋ ಗೊಂಬೆ ಒಂದು ತಗೊಂಬಾರೋ. ನಿಮ್ಮಮ್ಮಂಗೂ ಜೊತೆಯಾಗುತ್ತೆ.”

“ಅದನ್ನ ಅಂಗಡಿಯವರು ವಾಪಸ್ ತಗೊಳಲ್ವಂತೆ ಅತ್ತೆ, ಕೇಳಿದೆ.”

“ಮುಂದಿನ ವರ್ಷ ನೋಡೋಣ,” ಎಂದರು ಓನರಮ್ಮ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಕುಂಕುಮ ಕೊಡುವಂತಿರಲಿಲ್ಲ. ಬಂದ ಹೆಂಗಸರಿಗೆ ಅವರ ಪರವಾಗಿ ಅರಿಶಿನ ಕುಂಕುಮ ಕೊಡುತ್ತಿದ್ದವಳು ನಾನು.

ಆ ಮುಂದಿನ ವರ್ಷವೇ ಇರಬೇಕು, ಅಥವಾ ಅದರ ಆಚೆಯದು. ಆಷಾಢದಲ್ಲಿ ತಂತಿ ಬಂತು. ಬೆಟ್ಟದ ದಾರಿಯಲ್ಲಿ ಲಾರಿ ಜಾರಿ ನದಿಗೆ ಬಿದ್ದಿದೆ, ಜೊತೆಗಿದ್ದವನ ದೇಹ ಸಿಕ್ಕಿದೆ, ಇವನದು ಸಿಕ್ಕಿಲ್ಲ. ನನ್ನ ಗಂಡ ಅದನ್ನು ಓದಿ ಹೇಳಿದರು. ಓನರಮ್ಮ ಕೇಳಿಸಿಕೊಂಡರು. ಒಲೆಯ ಮೇಲೆ ಹಾಲಿತ್ತು, ಹೋಗಿ ಇಳಿಸಿದರು. ಅತ್ತರು ಎಂದು ಬರೆದರೆ ಓದುವವರಿಗೆ ಸುಲಭ. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ನನಗೂ ಅಳು ಬರಲಿಲ್ಲ. ಮನೆ ಎಂದಿನಂತೆಯೇ ಇತ್ತು, ಬರೀ ಸದ್ದುಗಳು ಸ್ವಲ್ಪ ದೂರದಿಂದ ಕೇಳುತ್ತಿದ್ದವು.

ಭಾದ್ರಪದ ಮುಗಿಯುವ ಹೊತ್ತಿಗೆ ಲಕ್ಕೂರು ಕಡೆಯ ಸಿಪಾಯಿಯೊಬ್ಬ ರಜೆಗೆ ಬಂದವನು ಅವನ ಟ್ರಂಕನ್ನು ತಂದುಕೊಟ್ಟ. ಕಾಫಿ ಕುಡಿದ, ಲೋಟವನ್ನು ತಾನೇ ತೊಳೆದಿಟ್ಟು ಹೋದ. ಟ್ರಂಕಿನಲ್ಲಿ ಬಟ್ಟೆಗಳು, ಉಣ್ಣೆಯ ಟೋಪಿ, ಕ್ಷೌರದ ಸಾಮಾನು, ಎಲ್ಲದರ ಕೆಳಗೆ ಒಂದು ಹೊಸ ರಟ್ಟಿನ ಪೆಟ್ಟಿಗೆ. ದಸರೆಗೆಂದು ಮುಂಚೆಯೇ ಯಾರ ಕೈಯಲ್ಲೋ ತರಿಸಿಟ್ಟುಕೊಂಡಿದ್ದನಂತೆ. ಮೇಲಿನ ಹೊಳೆಯುವ ಕಾಗದವನ್ನೂ ಬಿಚ್ಚಿರಲಿಲ್ಲ.

ನನ್ನ ಮಕ್ಕಳಿಗೆ ಈ ಕಥೆ ಹೇಳುವಾಗ ಆ ಪೆಟ್ಟಿಗೆಯಲ್ಲಿದ್ದದ್ದು ಮಿಲಿಟರಿ ಲಾರಿ ಎಂದು ಹೇಳುತ್ತಿದ್ದೆ. ಲಾರಿಯಲ್ಲಿ ಹೋದವನು, ಲಾರಿಯನ್ನೇ ಬಿಟ್ಟುಹೋದ. ಹೇಳುವುದಕ್ಕೆ ಎಷ್ಟು ಚೆನ್ನಾಗಿದೆ. ಆದರೆ ಅದು ವಿಮಾನವಾಗಿತ್ತು. ಅವನಿಗೂ ವಿಮಾನಕ್ಕೂ ಏನೂ ಸಂಬಂಧವಿರಲಿಲ್ಲ. ನೆನಪು ಸೇರಿಸುವ ಚೂರುಗಳು ಬಹಳ ಸರಿಯಾಗಿ ಕೂರುತ್ತವೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಮಹಾಲಯ ಅಮಾವಾಸ್ಯೆಗೆ ಮುಂಚೆ ಮುಳಬಾಗಿಲಿನಿಂದ ಓನರಮ್ಮನ ಅಣ್ಣ ಬಂದರು. ಕೆಟ್ಟವರಲ್ಲ. ತಂಗಿಯ ಮುಖ ನೋಡದೆ, ಕಂಬದ ಕಡೆ ನೋಡಿಕೊಂಡು ಮಾತಾಡಿದರು.

“ದೇಹ ಸಿಗದಿದ್ರೆ ಅದಕ್ಕೂ ಒಂದು ವಿಧಿ ಇದೆ ಕಣಮ್ಮ. ದರ್ಭೇಲಿ ಗೊಂಬೆ ಮಾಡಿ ಸಂಸ್ಕಾರ ಮಾಡ್ತಾರೆ. ಆಚಾರ್ರನ್ನ ಕೇಳಿದೀನಿ. ಈ ಅಮಾವಾಸ್ಯೆಗೆ ಮುಗಿಸಿಬಿಡೋಣ. ಮಗು ಅಲ್ಲಿ ಅಲೀತಾ ಇರಬಾರದಲ್ವೇನೇ.”

“ಅಣ್ಣಯ್ಯ, ಈ ಮನೇಲಿ ಗೊಂಬೆ ಕೂರಿಸ್ತೀವಿ,” ಎಂದರು ಓನರಮ್ಮ. “ಸುಡಲ್ಲ.”

“ಹಾಗಂದ್ರೆ? ಈ ವರ್ಷ ಕೂರಿಸ್ತೀಯಾ? ಜನ ಏನಂತಾರೆ?”

“ಬರೋರು ಬರ್ತಾರೆ. ಊಟಕ್ಕೆ ಏಳು.”

ಅಣ್ಣ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೋದರು. ಓನರಮ್ಮ ಅಟ್ಟದಿಂದ ಮಾವಿನ ಪೆಟ್ಟಿಗೆಗಳನ್ನು ಇಳಿಸಿಕೊಡಲು ನನ್ನ ಗಂಡನನ್ನು ಕರೆದರು. ಬೀದಿಯವರಿಗೆಲ್ಲ ಅರ್ಥವಾಯಿತು. ಗೊಂಬೆ ಕೂತರೆ ಆ ಮನೆಯಲ್ಲಿ ಸಾವಾಗಿಲ್ಲ. ಹೋಗಿ ಕುಂಕುಮ ತೆಗೆದುಕೊಂಡರೆ ಆ ಮಾತಿಗೆ ನಾವೂ ಒಪ್ಪಿದ ಹಾಗೆ. ಮಾಲೂರಿನಿಂದ ನನ್ನ ಅತ್ತೆ, ನೀನು ಆ ಮನೆಯ ಕುಂಕುಮದ ಬಟ್ಟಲು ಮುಟ್ಟಬೇಡ ಎಂದು ಹೇಳಿಕಳಿಸಿದರು. ನಾನು ಮುಟ್ಟಿದೆ. ಧೈರ್ಯದಿಂದಲ್ಲ. ಪ್ರತಿ ವರ್ಷದಂತೆ ಓನರಮ್ಮ ಬಟ್ಟಲು ತಂದು ನನ್ನ ಮುಂದಿಟ್ಟರು, ಕೈ ತಾನಾಗಿ ಹೋಯಿತು.

ಹೊಸ ಗೊಂಬೆಯ ವಿಷಯ ಉಳಿದಿತ್ತು. ಓನರಮ್ಮ ರಟ್ಟಿನ ಪೆಟ್ಟಿಗೆ ಬಿಚ್ಚಿದರು. ಒಳಗಿದ್ದ ಅಂಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಅವರು ಮಗನ ಬ್ಲೇಡಿನಲ್ಲಿ ಒಂದು ರೆಕ್ಕೆಯ ಮೇಲಿನ ಪದರ, ಕೆಳಗಿನ ಪದರ ಎರಡನ್ನೂ ಬಿಡಿಸಿಕೊಂಡರು. ಒಲೆಯ ಮೇಲೆ ಮೈದಾ ಹಿಟ್ಟು ಕಲಸಿ ಬೇಯಿಸಿ, ಗಾಳಿಪಟಕ್ಕೆ ಮಾಡುವ ಅಂಟು ಮಾಡಿದರು. ಹಚ್ಚಿ, ಒತ್ತಿ, ಮೇಲೆ ರುಬ್ಬುವ ಗುಂಡು ಇಟ್ಟರು. ಪ್ಲಾಸ್ಟಿಕ್ಕಿಗೆ ಅದು ನಿಲ್ಲುವುದಿಲ್ಲ ಎಂದು ಹೇಳಹೊರಟ ನನ್ನ ಗಂಡ ಬಗ್ಗಿ ಗುಂಡನ್ನು ಸರಿಯಾಗಿ ಕೂರಿಸಿದರು.

ಮೊದಲ ದಿನ ಸಂಜೆ ಯಾರೂ ಬರಲಿಲ್ಲ. ದೀಪ ಹಚ್ಚಿಯಾಗಿತ್ತು. ಕಡಲೆಕಾಳಿನ ಉಸಲಿ ಪಾತ್ರೆಯಲ್ಲಿ ಆರಿತು. ಬಾಗಿಲಿನಾಚೆ ಬೇರೆ ಮನೆಗಳಿಗೆ ಹೋಗುವ ಹೆಂಗಸರ ಸೀರೆಯ ಸರಬರ ಕೇಳುತ್ತಿತ್ತು.

ಎರಡನೆಯ ದಿನ ಎದುರುಮನೆಯಾಕೆ ಗೇಟಿನ ಬಳಿ ಬಂದು ನಿಂತರು. ನಿಂತೇ ಇದ್ದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತರು. ನಾನು ಬಟ್ಟಲು ಚಾಚಿದೆ. ಅವರು ಕುಂಕುಮ ತೆಗೆದುಕೊಳ್ಳಲಿಲ್ಲ. ಮೊದಲು ಗೊಂಬೆಗಳನ್ನು ಒಂದು ಸಲ ನೋಡಿದರು, ಮೇಲಿನಿಂದ ಕೆಳಗಿನವರೆಗೆ. ಕೊನೆಗೆ ಪ್ರತಿ ವರ್ಷ ಕೇಳುವುದನ್ನೇ ಕೇಳಿದರು.

“ಏಮ್ಮಾ, ಈ ವರ್ಷದ ಹೊಸ ಗೊಂಬೆ ಎಲ್ಲಿ?”

ಓನರಮ್ಮ ಅಡುಗೆಮನೆಯ ಬಾಗಿಲಿನಿಂದ ಕೈ ತೋರಿಸಿದರು. ರಾಗಿ ಹೊಲದ ಪಕ್ಕ, ಮುಚ್ಚಿದ ರಟ್ಟಿನ ಪೆಟ್ಟಿಗೆಗೆ ಒರಗಿಸಿಟ್ಟ ಒಂಟಿ ರೆಕ್ಕೆ.

“ಇಷ್ಟೇನಾ?”

“ಅವನು ತಂದಿರೋದು ಪೆಟ್ಟಿಗೆ ತುಂಬ ಇದೆ. ವರ್ಷಕ್ಕೊಂದು ಚೂರು ಸಾಕು. ಮಿಕ್ಕಿದ್ದು ಬಂದಾಗ ಅವನೇ ಮಾಡ್ಕೋತಾನೆ.”

ಎದುರುಮನೆಯಾಕೆ ಬಟ್ಟಲಿಗೆ ಬೆರಳು ಹಾಕಿ ಕುಂಕುಮ ಇಟ್ಟುಕೊಂಡರು. “ಉಸಲಿಗೆ ಉಪ್ಪು ಜಾಸ್ತಿ ಆಗಿದೆ,” ಎಂದು ಹೇಳಿ ಎರಡನೆಯ ಸಲ ಹಾಕಿಸಿಕೊಂಡರು. ಮರುದಿನದಿಂದ ಬೀದಿಯ ಹೆಂಗಸರು ಬಂದರು. ಎಲ್ಲರೂ ಅಲ್ಲ. ಬರದವರ ಮುಖಗಳು ನನಗೆ ಇನ್ನೂ ನೆನಪಿವೆ, ಬಂದವರ ಮುಖಗಳು ಒಂದರೊಳಗೊಂದು ಕಲಸಿಹೋಗಿವೆ...

ಆಮೇಲೆ ನನ್ನ ಗಂಡನಿಗೆ ಮಾಲೂರಿಗೆ ವರ್ಗವಾಯಿತು. ಮಕ್ಕಳಾದವು. ಎಂಬತ್ತರ ದಶಕದ ನಡುವೆ ಒಂದು ದಸರೆಗೆ ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರಕ್ಕೆ ಹೋದೆ. ಆ ಹೊತ್ತಿಗೆ ಎಲ್ಲ ಕಡೆ ಕೊಳವೆಬಾವಿ, ಪ್ಲಾಸ್ಟಿಕ್ ಪೈಪು ಬಂದಿದ್ದವು. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ಅಂಟಿನ ಡಬ್ಬಿ ನೋಡಿದೆ, ಮುಚ್ಚಳ ತೆಗೆಸಿ ಮೂಸಿದೆ, ಅದೇ ವಾಸನೆ. ಒಂದು ಡಬ್ಬಿ ತೆಗೆದುಕೊಂಡು ಹೋದೆ.

ಗೊಂಬೆಗಳು ಕೂತಿದ್ದವು. ಓನರಮ್ಮ ಕುಗ್ಗಿದ್ದರು. ಕುಂಕುಮ ಕೊಡಲು ಎದುರುಮನೆಯ ಸೊಸೆ ಕೂತಿದ್ದಳು. ವಿಮಾನ ಕೆಳಗಿನ ಮೆಟ್ಟಿಲಲ್ಲಿತ್ತು, ಅಂದರೆ ಅದರ ಚೂರುಗಳಿದ್ದವು: ಎರಡು ರೆಕ್ಕೆ, ಬಾಲ, ಚಕ್ರಗಳು, ಒಡಲಿನ ಎರಡು ಹೋಳು. ಅಂಚುಗಳಲ್ಲೆಲ್ಲ ಒಣಗಿದ ಮೈದಾ ಬಿಳಿಯ ಹಕ್ಕಳೆಯಾಗಿತ್ತು. ಪೆಟ್ಟಿಗೆಯೊಳಗಿನ ಹುಲ್ಲಿನಲ್ಲಿ ಪ್ರತಿ ವರ್ಷ ಎಲ್ಲ ಬಿಟ್ಟುಕೊಳ್ಳುತ್ತಿದ್ದವು, ಪ್ರತಿ ವರ್ಷ ಹೊಸದಾಗಿ ಅಂಟಿಸುತ್ತಿದ್ದರು. ಒಡಲಿನ ಹೋಳುಗಳನ್ನು ಮಾತ್ರ ಒಂದು ಸಲವೂ ಸೇರಿಸಿರಲಿಲ್ಲ. ಯಾಕೆಂದು ಹಾಳೆ ನೋಡಿದಾಗ ತಿಳಿಯಿತು. ಮೊದಲನೆಯ ಚಿತ್ರದಲ್ಲಿಯೇ ಆ ಚಿಕ್ಕ ಮನುಷ್ಯನನ್ನು ಒಳಗೆ ಕೂರಿಸಬೇಕು, ಆಮೇಲೆ ಎರಡು ಹೋಳುಗಳನ್ನು ಅವನ ಮೇಲೆ ಮುಚ್ಚಬೇಕು. ಅವನು ಇನ್ನೂ ಚೌಕಟ್ಟಿನಲ್ಲೇ ಇದ್ದ, ಕೈಗಳನ್ನು ಮುಂದೆ ಚಾಚಿಕೊಂಡು.

ನಾನು ಡಬ್ಬಿ ಕೊಟ್ಟೆ. ಇದು ಅವನು ಹಚ್ಚುತ್ತಿದ್ದಂಥದೇ ಎಂದೆ. ಓನರಮ್ಮ ಮುಚ್ಚಳ ತೆಗೆದರು. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು. ಮುಚ್ಚಳ ಹಾಕಿ ನನ್ನ ಕೈಗೇ ವಾಪಸು ಕೊಟ್ಟರು.

“ಬೇಡ ಕಣಮ್ಮ. ಇದು ಗಟ್ಟಿಯಾಗಿ ಹಿಡ್ಕೊಂಬಿಡುತ್ತೆ.”

ಅದಕ್ಕೇ ತಾನೇ ತಂದದ್ದು ಎಂದೆ.

“ಒಳಗೆ ಕೂರಿಸಿ ಮುಚ್ಚಿಬಿಟ್ರೆ, ಆಮೇಲೆ ತೆಗೆಯೋದು ಹೆಂಗೆ?”

ಅವರು ಅಂದದ್ದು ಇಷ್ಟೇ ಅನ್ನಿಸುತ್ತದೆ. ಅದಕ್ಕೂ ಹೆಚ್ಚಿಗೆ ಏನೋ ಅಂದರು ಎಂದು ಕೆಲವು ಸಲ ನೆನಪಾಗುತ್ತದೆ. ಅದನ್ನು ಸೇರಿಸಿದವಳು ನಾನೇ ಇರಬಹುದು, ಬಿಟ್ಟಿದ್ದೇನೆ.

ಅವರು ಹೋದ ಸುದ್ದಿ ತಲುಪಿದ್ದು ತಡವಾಗಿ, ಬಸ್ ನಿಲ್ದಾಣದಲ್ಲಿ ಸಿಕ್ಕ ಎದುರುಮನೆಯ ಸೊಸೆಯಿಂದ. ಎಂಬತ್ತರ ದಶಕ ಮುಗಿಯುತ್ತಿತ್ತು. ಮುಳಬಾಗಿಲಿನ ಅಣ್ಣ ಬಂದು ಎಲ್ಲ ನೆರವೇರಿಸಿದರಂತೆ. ಮಾವಿನ ಪೆಟ್ಟಿಗೆಗಳನ್ನು ಅವರೇ ತೆಗೆದುಕೊಂಡು ಹೋದರಂತೆ. ಆ ವರ್ಷ ಆ ಮನೆಯ ಗೊಂಬೆಗಳನ್ನು ಎಲ್ಲೂ ಕೂರಿಸಲಿಲ್ಲ. ಅದು ಒಬ್ಬರ ಸಾವಿಗಾಗಿಯೋ ಇಬ್ಬರ ಸಾವಿಗಾಗಿಯೋ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪ್ಲಂಬರ್ ಡಬ್ಬಿ ಮುಚ್ಚಿ, ಕೈ ತೊಳೆಯಲು ನೀರಿಲ್ಲದೆ ಪ್ಯಾಂಟಿಗೆ ಒರೆಸಿಕೊಂಡು ಹೋಗಿದ್ದ. ಬಚ್ಚಲುಮನೆಯಲ್ಲಿ ವಾಸನೆ ಇನ್ನೂ ಇತ್ತು. ಐದು ನಿಮಿಷ ಆಗಿದ್ದಿರಬೇಕು. ನಾನು ಎರಡೂ ಕೈಯಿಂದ ಪೈಪಿನ ತುಂಡುಗಳನ್ನು ಹಿಡಿದು ಎಳೆದು ನೋಡಿದೆ. ಬಿಟ್ಟುಕೊಳ್ಳಲಿಲ್ಲ.