ಹಡಗಿನ ಮೇಲೆ ಒಣಗದ ಗಂಜಿ

ಈ ಪ್ರಸಂಗವನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಪ್ರತಿ ಸಲವೂ ಚೆನ್ನಾಗಿ ಹೇಳಿದ್ದೇನೆ. ನನ್ನ ಅನುಮಾನಕ್ಕೆ ಅದೇ ಕಾರಣ. ನಡೆದದ್ದು ನಡೆದ ಹಾಗೇ ಇದ್ದರೆ ಅದನ್ನು ಅಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ.

ನಾನು ಹೇಳುತ್ತ ಬಂದ ರೂಪ ಇದು: ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಬಾಗಲಕೋಟೆಯಲ್ಲಿ ನನ್ನ ಮೊದಲ ಕಾದಂಬರಿಯ ಮೇಲೆ ಚರ್ಚೆ. ಒಬ್ಬರು ಎದ್ದು ನನ್ನನ್ನು ಗೇಲಿ ಮಾಡಿದರು. ನಾನು ಒಂದೇ ಮಾತಿನಲ್ಲಿ ತಿರುಗಿ ಕೊಟ್ಟೆ. ಸಭೆ ನಕ್ಕಿತು, ಅವರು ಕೂತರು. ಇದರಲ್ಲಿ ಬಾಗಲಕೋಟೆ ನಿಜ, ಮಧ್ಯಾಹ್ನ ನಿಜ, ಗೇಲಿ ನಿಜ. ಉಳಿದದ್ದನ್ನು ಬಿಚ್ಚಬೇಕು.

ಆಗ ನಾನು ಹುನಗುಂದದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವ್ವ ಇಳಕಲ್ಲಿನಲ್ಲಿ, ಮಗ್ಗದ ಮನೆಯಲ್ಲಿ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಕಾದಂಬರಿ ಸಮುದ್ರದ ಕಥೆ. ಐಹೊಳೆಯ ವ್ಯಾಪಾರಿಗಳು ಹಿಂದೆ ಕಡಲು ದಾಟಿ ಹೋಗುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಅಂಥ ಒಬ್ಬ ವ್ಯಾಪಾರಿಯ ಹಡಗು ಪಡುವಣ ಕಡಲಿನಿಂದ ಅರಬರ ನಾಡಿಗೆ ಹೊರಡುತ್ತದೆ. ಸೀರೆಯ ಗಂಟುಗಳ ಜೊತೆಗೆ ಒಬ್ಬಳು ನೇಕಾರರ ಹುಡುಗಿಯೂ ಹಡಗು ಹತ್ತುತ್ತಾಳೆ. ಚುಕ್ಕಾಣಿ ಹಿಡಿಯುವವನ ಮೇಲೆ ಅವಳ ಮನಸ್ಸು ಹೋಗುತ್ತದೆ. ಇಷ್ಟೇ ಕಥೆ. ಬರೆಯಲು ಆರು ವರ್ಷ ಹಿಡಿಯಿತು.

ನಾನು ಸಮುದ್ರ ನೋಡಿರಲಿಲ್ಲ. ಇದನ್ನು ಮುಚ್ಚಿಟ್ಟವಳೂ ಅಲ್ಲ. ರಜೆಯಲ್ಲಿ ಬಾದಾಮಿಗೆ ಹೋಗಿ ಗುಡ್ಡಗಳ ನಡುವಿನ ಆ ದೊಡ್ಡ ಹೊಂಡದ ಮೆಟ್ಟಿಲ ಮೇಲೆ ಇಡೀ ದಿನ ಕೂತಿರುತ್ತಿದ್ದೆ. ಹೆಂಗಸರು ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆಯುತ್ತಿದ್ದರು. ಆ ಸದ್ದು ಎದುರಿನ ಕೆಂಪು ಬಂಡೆಗೆ ಬಡಿದು ಒಂದು ಕ್ಷಣ ತಡವಾಗಿ ತಿರುಗಿ ಬರುತ್ತಿತ್ತು. ಆ ತಡವಾದ ಸದ್ದನ್ನೇ ನಾನು ಹಡಗಿನ ಮಗ್ಗುಲಿಗೆ ಅಪ್ಪಳಿಸುವ ತೆರೆಯ ಸದ್ದು ಮಾಡಿದೆ. ಓದಿದವರು ಯಾರೂ ಅದರಲ್ಲಿ ತಪ್ಪು ಕಾಣಲಿಲ್ಲ. ಸಿಕ್ಕಿಬಿದ್ದದ್ದು ಬೇರೆ ಕಡೆ.

ಕಾದಂಬರಿಯ ನಡುವೆ ಒಂದು ಅಧ್ಯಾಯ ಇದೆ. ಹುಡುಗಿ ಹಡಗಿನ ಅಟ್ಟದ ಮೇಲೆ, ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ನೂಲಿನ ಹಾಸು ಎಳೆದು ಕಟ್ಟಿ ಗಂಜಿ ಹಚ್ಚುತ್ತಾಳೆ. ನಮ್ಮ ಓಣಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆಯುವ ಕೆಲಸ ಅದು. ಸೀರೆಯ ಉದ್ದದ ಎಳೆಗಳನ್ನು ಬೀದಿಗುಂಟ ಹಾಸಿ, ಎರಡೂ ತುದಿ ಬಿಗಿದು, ಕುಂಚದಿಂದ ಗಂಜಿ ಸವರುತ್ತ ಹೋಗುತ್ತಾರೆ. ಗಾಳಿ ಬಂತೆಂದರೆ ಆಯಿತು, ನೋಡುನೋಡುತ್ತಿದ್ದಂತೆ ಒಣಗುತ್ತದೆ. ಕಾದಂಬರಿಯಲ್ಲಿ ಚುಕ್ಕಾಣಿಯವನು ಸಡಿಲಾದ ಒಂದು ತುದಿಯನ್ನು ಬಂದು ಹಿಡಿಯುತ್ತಾನೆ. ಇಬ್ಬರ ನಡುವೆ ಹತ್ತು ಮೊಳ ಒದ್ದೆ ನೂಲು. ಒಬ್ಬರ ಕೈ ನಡುಗಿದರೆ ಇನ್ನೊಬ್ಬರ ಕೈಗೆ ಗೊತ್ತಾಗುತ್ತದೆ. ಹೊತ್ತು ಹೋಗುತ್ತದೆ.

ಸಮುದ್ರದ ಗಾಳಿಯೂ ಗಾಳಿಯೇ ಅಲ್ಲವೇ ಎಂದುಕೊಂಡಿದ್ದೆ. ಇಳಕಲ್ಲಿನಲ್ಲಿ ಹುಟ್ಟಿದವರಿಗೆ ಗಾಳಿ ಎಂದರೆ ಒಣಗಿಸುವುದು. ಒದ್ದೆ ಮಾಡುವ ಗಾಳಿಯೊಂದು ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹಸ್ತಪ್ರತಿಯನ್ನು ಮೊದಲು ಓದಿದವರು ಬಾಗಲಕೋಟೆಯ ಕಾಲೇಜಿನ ಒಬ್ಬ ಪ್ರಾಧ್ಯಾಪಕರು. ಅವರು ಮಾಡಿದ ಉಪಕಾರವನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಹಡಗುಗಳ ಬಗ್ಗೆ ಎರಡು ಪುಸ್ತಕ ಗ್ರಂಥಾಲಯದಿಂದ ತಂದುಕೊಟ್ಟರು. ಮೊದಲ ಮೂವತ್ತು ಪುಟಗಳಲ್ಲಿ ಕಾಗುಣಿತ ತಿದ್ದಿದರು, ಆಮೇಲೆ ಅವರಿಗೆ ಬೇಸರ ಬಂತು. ಮುನ್ನುಡಿ ಬರೆದರು. ಒಬ್ಬ ಪ್ರಕಾಶಕರಿಗೆ ಪರಿಚಯ ಮಾಡಿಸಿದರು. ಇಷ್ಟು.

ಚರ್ಚೆಯ ದಿನ ಸಭೆಗೆ ಮುಂಚೆ, ಚಹಾದ ಹೊತ್ತಿನಲ್ಲಿ ಅವರು ನನ್ನನ್ನು ಬದಿಗೆ ಕರೆದರು.

“ನೋಡು ತಂಗಿ, ಎರಡನೇ ಮುದ್ರಣ ಆಗೂದೈತಿ. ಒಳಗಿನ ಹಾಳಿ ಮ್ಯಾಲೆ ‘ಪರಿಷ್ಕರಣೆ’ ಅಂತ ನನ್ನ ಹೆಸರು ಹಾಕಂತ ಪ್ರಕಾಶಕರಿಗೆ ಹೇಳೇನಿ. ನೀ ಇವತ್ತ ಮಾತಾಡುವಾಗ ಒಂದು ಮಾತು ಹೇಳಿಬಿಡು. ನಾಕು ಮಂದಿ ಮುಂದ ಬಂದ್ರ ಚಲೋ.”

“ಪರಿಷ್ಕರಣೆ ಅಂದ್ರ ಏನ್ರಿ ಸರ್?”

“ಅಂದ್ರ ನಾ ನೋಡೇನಿ ಅಂತ. ಹಿಂಗಾದ್ರ ಮಂದಿ ನಂಬತಾರ. ಹುನಗುಂದದ ಸಾಲಿ ಅಕ್ಕಾರು ಸಮುದ್ರದ ಕಾದಂಬರಿ ಬರದಾರಂದ್ರ ಯಾರು ನಂಬಬೇಕು, ನೀನ ಹೇಳು?”

ನಾನು ಏನು ಹೇಳಿದೆ? ಹೇಳುವಾಗಲೆಲ್ಲ ಇಲ್ಲಿ ಒಂದು ಖಡಕ್ ಉತ್ತರ ಸೇರಿಸುತ್ತಿದ್ದೆ. ನಿಜವಾಗಿ “ಹೂನ್ರಿ” ಅಂದಿದ್ದೆನೋ ಏನೋ. ಕೈಯಲ್ಲಿ ಕಪ್ಪು-ಬಸಿ ಇತ್ತು ಎಂಬುದು ಮಾತ್ರ ಗಟ್ಟಿ ನೆನಪು.

ಆ ಸಭಾಂಗಣ ಹಳೇ ಊರಿನ ತಗ್ಗಿನಲ್ಲಿತ್ತು. ಈಗ ಅಲ್ಲಿ ಅಣೆಕಟ್ಟಿನ ಹಿನ್ನೀರು ನಿಂತಿದೆ. ಸಮುದ್ರದ ಕಾದಂಬರಿಯ ಚರ್ಚೆ ನಡೆದ ಜಾಗ ನೀರಿನೊಳಗೆ ಹೋಯಿತು ಎಂದು ಬರೆದರೆ ಓದುಗರು ತಲೆದೂಗುತ್ತಾರೆ. ಆ ತಲೆದೂಗುವಿಕೆ ನನಗೆ ಬೇಡ. ಊರು ಮುಳುಗಿದ್ದು ನನ್ನ ಕಥೆಗೆ ಅಲಂಕಾರ ಆಗಲಿ ಎಂದಲ್ಲ.

ಅವ್ವ ಮುಂದಿನ ಸಾಲುಗಳಲ್ಲೊಂದರಲ್ಲಿ, ಹೆಂಗಸರ ಕಡೆ ಕೂತಿದ್ದಳು. ದಾಳಿಂಬೆ ಬಣ್ಣದ, ಚಿಕ್ಕಿ ಅಂಚಿನ ಸೀರೆ ಉಟ್ಟಿದ್ದಳು ಎಂದು ನೆನಪು. ಆದರೆ ಆ ಸೀರೆಯನ್ನು ಅವಳು ಅದಕ್ಕೂ ಎರಡು ವರ್ಷ ಮುಂಚೆ ನನ್ನ ಅಕ್ಕನಿಗೆ ಕೊಟ್ಟಿದ್ದಳು. ಹಾಗಾದರೆ ನಾನು ಏನನ್ನು ನೋಡಿದೆ?

ಪ್ರಾಧ್ಯಾಪಕರು ಅಧ್ಯಕ್ಷತೆ ವಹಿಸಿದ್ದರು. ಅವರ ಮಾತು ಮಾತ್ರ ನನಗೆ ಅಕ್ಷರಶಃ ಉಳಿದಿದೆ. ಸಿಟ್ಟಿಗೆ ಅಂಥ ಶಕ್ತಿ ಇದೆ.

“ದಿಕ್ಕು, ಗಾಳಿ, ಹಾಯಿ, ಇವೆಲ್ಲಾ ಹೆಣ್ಮಕ್ಕಳಿಗೆ ಸಹಜವಾಗಿ ಬರೂವಂಥವಲ್ಲ. ಅಂಥಲ್ಲಿ ನಾ ಸ್ವಲ್ಪ ಕೈಯಾಡಿಸೇನಿ. ನಮ್ಮ ತಂಗಿ ಅದನ್ನ ಮುಚ್ಚಿಡೂದಿಲ್ಲ, ಈಗ ಅವರ ಬಾಯಿಲೇ ಕೇಳ್ರಿ.”

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಎದ್ದರು. ಕಾರವಾರದಲ್ಲಿ ಸರ್ಕಾರಿ ನೌಕರಿ ಮಾಡಿ ಊರಿಗೆ ಮರಳಿದವರು.

“ಒಂದು ಸಣ್ಣ ಸಂಶೆ ಅದ ರೀ. ನಾ ಕಾರವಾರದಾಗ ಆರು ವರ್ಷ ಇದ್ದಾಂವ. ಅಲ್ಲಿ ತೊಳದು ಹಾಕಿದ ಧೋತರಾ ಎರಡು ದಿನಾ ಆದ್ರೂ ಒಣಗೂದಿಲ್ಲ, ಮೈಗೆ ಅಂಟತದ. ಈ ಅಕ್ಕಾರು ನಟ್ಟನಡು ಸಮುದ್ರದಾಗ ನೂಲಿಗೆ ಗಂಜಿ ಹಚ್ಚಿ ಒಣಗಿಸ್ಯಾರ! ಸಮುದ್ರ ಅಂದ್ರ ಏನಂತ ತಿಳಕೊಂಡೀರಿ ಅಕ್ಕಾರ, ಹುನಗುಂದ ಬಸ್‌ಸ್ಟ್ಯಾಂಡೇನು?”

ಇಡೀ ಸಭೆ ನಕ್ಕಿತು. ಪ್ರಾಧ್ಯಾಪಕರೂ ನಕ್ಕರು. ನಕ್ಕು, ಕೈ ಎತ್ತಿ ಹೇಳಿದರು: “ಅದು ಪೂರ್ತಾ ತಂಗೀದು. ಆ ಭಾಗಕ್ಕ ನಾ ಕೈ ಹಚ್ಚಿಲ್ರಿ.”

ಇದನ್ನು ಇನ್ನೊಮ್ಮೆ ಬರೆಯುತ್ತೇನೆ, ಯಾರಾದರೂ ಬೇಗ ಓದಿ ಮುಂದೆ ಹೋಗಿದ್ದರೆ. ಹಾಯಿ ಸರಿಯಾಗಿದೆ, ಆದ್ದರಿಂದ ಅದು ಅವರದು. ಗಂಜಿ ತಪ್ಪಾಗಿದೆ, ಆದ್ದರಿಂದ ಅದು ನನ್ನದು. ಆರು ವರ್ಷದ ಕೆಲಸವನ್ನು ಎರಡೇ ನಿಮಿಷದಲ್ಲಿ ಹೀಗೆ ಹಂಚಿದರು. ಸಭೆಯಲ್ಲಿದ್ದವರಿಗೆ ಅದು ನ್ಯಾಯವಾಗಿಯೇ ಕಂಡಿತು.

ಕಾರವಾರದವರು ಹೇಳಿದ್ದು ಸರಿಯಾಗಿತ್ತು, ತಪ್ಪು ನನ್ನದೇ. ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು.

“ಯಪ್ಪಾ, ಒಣಗಲಿಲ್ಲಂದ್ರ ಒಣಗೂತನಕಾ ಹಿಡಕೊಂಡು ನಿಂದರಬೇಕಲ್ಲ? ಅದಕ್ಕ ಅಲ್ಲೇನು, ಆ ಹುಡುಗ ಹುಡುಗಿ ಅಷ್ಟೊತ್ತು ನಿಂತದ್ದು?”

ಮೊದಲು ಹೆಂಗಸರು ನಕ್ಕರು, ಆಮೇಲೆ ಗಂಡಸರು. “ಶಾಣ್ಯಾಕಿ ಅದಾಳಲೇ ಮುದುಕಿ!” ಎಂದು ಯಾರೋ ಕೂಗಿದರು. ಕಾರವಾರದವರು ಕೈ ಮುಗಿದು ಕೂತರು. ನನ್ನ ಕಾದಂಬರಿಯ ಅತಿ ದೊಡ್ಡ ತಪ್ಪು ಅದರ ಅತಿ ಒಳ್ಳೆಯ ಸನ್ನಿವೇಶವಾಗಲು ಒಂದು ಉಸಿರು ಸಾಕಾಯಿತು. ಮಾಡಿದ್ದು ನಾನಲ್ಲ. ಸಹಿಯಷ್ಟೇ ಕಲಿತಿದ್ದ, ಕಾದಂಬರಿಯನ್ನು ನಾನು ಓದಿ ಹೇಳಿದಾಗ ಕೇಳಿದ್ದ ಅವ್ವ.

ಕಳೆದ ಇಷ್ಟು ವರ್ಷ ನಾನು ‘ನನ್ನ ಉತ್ತರ’ ಎಂದು ಹೇಳುತ್ತ ಬಂದದ್ದು ಇದನ್ನೇ.

ಆಮೇಲೆ ನನ್ನ ಸರದಿ. ಎದ್ದೆ. ಮೈಕಿನ ಮುಂದೆ ನಿಂತು, ಕೃತಜ್ಞತೆಯ ಮಾತಿಗೆ ಕಾಯುತ್ತಿದ್ದ ಪ್ರಾಧ್ಯಾಪಕರ ಮುಖ ನೋಡದೆ ಹೇಳಿದೆ: “ಈ ಪುಸ್ತಕದಾಗ ಯಾರದೂ ಒಂದು ಎಳಿ ಇಲ್ಲ. ತಪ್ಪೂ ನಂದ, ಒಪ್ಪೂ ನಂದ. ಯಾರ ಕಡೆಯಿಂದನೂ ನಾ ಏನೂ ಇಸಗೊಂಡಿಲ್ಲ.”

ಚಪ್ಪಾಳೆ ಕಡಿಮೆ ಬಿತ್ತು. ನಾನು ಗೆದ್ದೆ ಅಂದುಕೊಂಡೆ.

ಇಳಕಲ್ಲಿಗೆ ಹೋಗುವ ಬಸ್ಸು ಅಮೀನಗಡದಲ್ಲಿ ನಿಂತಿತು. ಅವ್ವನಿಗೆ ಕರದಂಟು ತಂದುಕೊಟ್ಟೆ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿದಳು.

“ಆ ಮಾಸ್ತರ ಮಾರಿ ಸಣ್ಣದಾತು ನೋಡು,” ಅಂದಳು.

“ಆಗಲಿ ಬಿಡು.”

“ಆಗಲಿ. ಬರೇ ಸೊಕ್ಕ ಐತಿ ಅವಗ.” ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು. “ಯಾರದೂ ಒಂದು ಎಳಿ ಇಲ್ಲ ಅಂದೆಲ್ಲಾ...”

“ಹೂಂ, ಅಂದೆ. ಮತ್ತೇನನ್ನಬೇಕಿತ್ತು?”

“ಏನಿಲ್ಲ ತಗೀ. ನಿಮ್ಮಪ್ಪ ಆ ತುದಿ ಹಿಡಿದು ನಿಂತದ್ದು ನಾ ನಿನಗ ಹೇಳಿದ್ನೋ ಇಲ್ಲೋ ಅಂತ ನೆನಸಾಕತ್ತಿದ್ನಿ.”

ಹೇಳಿದ್ದಳು. ಸಣ್ಣವಳಿದ್ದಾಗ, ಎಪ್ಪತ್ತರ ದಶಕದ ಆರಂಭದಲ್ಲಿ ಇರಬೇಕು, ನಾನು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಾಗ ಹೇಳಿದ್ದಳು. ಮದುವೆಗೆ ಮುಂಚೆ ಅವರ ಓಣಿಯಲ್ಲಿ ಹಾಸು ಎಳೆದಿದ್ದಾಗ ಒಂದು ತುದಿ ಬಿಚ್ಚಿಕೊಂಡಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹುಡುಗ ಅದನ್ನು ಹಿಡಿದು ನಿಂತ. ಅವನ ಕೈ ನಡುಗುತ್ತಿದ್ದದ್ದು ಹತ್ತು ಮೊಳದ ಆಚೆ ಇವಳ ಕೈಗೆ ತಿಳಿಯಿತು. ಇದನ್ನು ನಾನು ಎತ್ತಿಕೊಂಡು, ಓಣಿಯನ್ನು ಹಡಗು ಮಾಡಿ, ನನ್ನದು ಅಂದೆ. ನಾನು ಮರೆತಿರಲಿಲ್ಲ. ಮೈಕಿನ ಮುಂದೆ ನಿಂತಾಗ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಒಂದು ಎಳೆ ಯಾರದ್ದೋ ಎಂದು ಒಪ್ಪಿದರೆ ಆ ಪ್ರಾಧ್ಯಾಪಕ ಇಡೀ ಸೀರೆ ಕೇಳುತ್ತಿದ್ದ. ಬಸ್ಸಿನಲ್ಲಿ ಅವ್ವನಿಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. “ಹೇಳಿದ್ದಿ ಬೇ,” ಎಂದಷ್ಟೇ ಅಂದು ಕಣ್ಣು ಮುಚ್ಚಿದೆ.

ಪ್ರಕಾಶಕರಿಂದ ಎರಡನೇ ಮುದ್ರಣದ ಕರಡು ಬಂತು. ಒಳಗಿನ ಹಾಳೆಯಲ್ಲಿ ‘ಪರಿಷ್ಕರಣೆ’ ಎಂದು ಅಚ್ಚಾಗಿತ್ತು. ಕಾಗದ ಹರಿಯುವ ಹಾಗೆ ಅದನ್ನು ಹೊಡೆದುಹಾಕಿದೆ. ಗಂಜಿಯ ಅಧ್ಯಾಯ ತಿದ್ದಿದೆ: ಈಗ ಗಂಜಿ ಒಣಗುವುದಿಲ್ಲ, ಹಾಯಿಯ ಕೂವೆಕಂಬ ಹತ್ತಿದ್ದ ನಾವಿಕನೊಬ್ಬ ಗೇಲಿ ಮಾಡುತ್ತಾನೆ, ಹುಡುಗಿ ಉತ್ತರ ಕೊಡುತ್ತಾಳೆ. ಅವ್ವನ ಮಾತು. ಒಂದಕ್ಷರ ಬಿಡದೆ. ಎರಡನೇ ಸಲ ಎತ್ತಿಕೊಂಡೆ.

ಜನ ಆ ಮಾತನ್ನು ಬಾಯಿಪಾಠ ಮಾಡಿದರು. ನನ್ನ ಕಾದಂಬರಿಯ ಹೆಸರು ಮರೆತವರಿಗೂ ಅದು ನೆನಪಿದೆ. ಅವ್ವ ತೀರಿಕೊಂಡ ಮೇಲೆ, ತುಂಬ ತಡವಾಗಿ, ಆ ಪ್ರಾಧ್ಯಾಪಕರ ಒಂದು ಲೇಖನ ನನ್ನ ಕೈಗೆ ಬಂತು. ಹೊಸ ಲೇಖಕರಿಗೆ ತಾವು ಮಾಡಿದ ಮಾರ್ಗದರ್ಶನದ ಬಗ್ಗೆ ಬರೆದಿದ್ದರು. ಹಡಗಿನ ಹುಡುಗಿಯ ಆ ಪ್ರಸಿದ್ಧ ಉತ್ತರ ತಮ್ಮ ಸಲಹೆಯಂತೆ ಎರಡನೇ ಮುದ್ರಣದಲ್ಲಿ ಸೇರಿತು, ಎಂದಿತ್ತು.

ಅಂದು ಕೈ ಹಚ್ಚಿಲ್ಲ ಎಂದು ದೂರ ಇಟ್ಟ ಗಂಜಿಯನ್ನೂ ಕೊನೆಗೆ ತೆಗೆದುಕೊಂಡರು. ಸರಿಯಾದ ಮೇಲೆ.

ಪತ್ರಿಕೆಗೆ ಬರೆಯಲು ಕೂತೆ. ನಾಲ್ಕು ಸಲ ಬರೆದು ಹರಿದೆ. ಆ ಮಾತು ನಿಮ್ಮದಲ್ಲ ಎಂದು ಸಾಬೀತುಮಾಡಬೇಕಾದರೆ ನನ್ನದೂ ಅಲ್ಲ ಎನ್ನಬೇಕು. ಸಭೆಯಲ್ಲಿ ಯಾರದೂ ಒಂದು ಎಳೆ ಇಲ್ಲ ಎಂದವಳು ನಾನೇ. ಆ ಸುಳ್ಳು ಉಳಿಸಿಕೊಳ್ಳಲು ನಾನು ಬಾಯಿ ಮುಚ್ಚಿಕೊಂಡಿದ್ದೆ, ಅವರು ಅವ್ವನ ಮಾತನ್ನು ಆರಾಮಾಗಿ ತಮ್ಮದೆಂದು ಇಟ್ಟುಕೊಂಡರು. ಅವರ ಮೇಲಿನ ಸಿಟ್ಟು ಇನ್ನೂ ಇದೆ, ಅದು ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಆದರೆ ಈಗ ಬರೆಯುತ್ತಿರುವುದು ಅವರಿಗಲ್ಲ.

ಆ ಮಾತು ನನ್ನದಲ್ಲ. ನಡುಗಿದ ಕೈಯೂ ನನ್ನ ಕಲ್ಪನೆಯಲ್ಲ. ಎರಡೂ ನನ್ನ ಅವ್ವನವು. ಅವಳು ಎರಡನೇ ಸಾಲಿನಲ್ಲಿ ಕೂತಿದ್ದಳು. ಮೂರನೆಯದೂ ಇರಬಹುದು. ಸೀರೆ ಯಾವುದೆಂದು ಗೊತ್ತಿಲ್ಲ.