ಅಮಾಸಿ ದಿನ ಕಿತ್ತ ಪ್ಲಗ್ಗು

ಕಾಯಿ ಒಡೆಯೋ ಸದ್ದು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಹರಿಹರದ ರಿಟೈರ್ಡ್ ಮೇಷ್ಟ್ರೊಬ್ಬರು, ತಮ್ಮ ಅವ್ವ ಹಾಡುತ್ತಿದ್ದ ಸೋಬಾನೆ ಪದಗಳನ್ನು, ಆಕೆ ತೀರಿಹೋಗೋ ಮುಂಚೆ, ಆಕೆಯ ಬಾಯಿಂದಲೇ ಬರೆದುಕೊಂಡಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಹಾಳೆ ತರೋರು, ನಾನು ಟೈಪ್ ಮಾಡುತ್ತಿದ್ದೆ, ಪುಸ್ತಕ ಮಾಡೋಕೆ. ಕೊನೇ ಹಾಳೆ ಮುಗಿದ ದಿನ, "ಇನ್ನ ಈ ಹಾಳಿ ಏನ್ ಮಾಡ್ಲಿ ಯವ್ವಾ?" ಅಂದರು. ನನಗೆ ಯಾರದೋ ಲಗ್ನಪತ್ರಿಕೆ ಅರ್ಜೆಂಟು. "ಎಲ್ಲಾ ಕಂಪ್ಯೂಟರ್‌ನಾಗ ಐತಲ್ರಿ, ಅವನ್ನ ಬಿಟ್ಟುಬಿಡ್ರಿ" ಅಂದೆ, ತಲೆ ಕೂಡ ಎತ್ತದೆ.

ಹಾರ್ಡ್‌ಡಿಸ್ಕಿನಲ್ಲಿ ಎರಡು ಪಾಲಿತ್ತು. ಮುಂದೆ ವಿಂಡೋಸು. ಹಿಂದೆ, ಮ್ಯಾಗಜಿನ್ ಜೊತೆ ಬಂದ ಸಿಡಿಯಿಂದ ನಾನು ಹಾಕಿಕೊಂಡ ಲಿನಕ್ಸು, ವಿಂಡೋಸಿನ ಥರದ್ದೇ ಇನ್ನೊಂದು ಸಿಸ್ಟಮ್ಮು. ಪದಗಳನ್ನೂ ಅಲ್ಲೇ ಇಟ್ಟಿದ್ದೆ. ವಿಂಡೋಸಿನಲ್ಲಿ ಪುಟ ಕಟ್ಟೋಕೆ ಜಾಗ ಸಾಲುತ್ತಿರಲಿಲ್ಲ. ಹಿಂದಿನ ಪಾಲನ್ನು ಇನ್ನೂ ಹಿಂದಕ್ಕೆ ಸರಿಸಿ ಮುಂದಿನದನ್ನು ಹಿಗ್ಗಿಸೋಣ ಅಂತ ಬೆಳಿಗ್ಗೆಯೇ ಬೂಟ್ ಫ್ಲಾಪಿ ಹಾಕಿ ಶುರು ಮಾಡಿದೆ. ಸರಿಯೋಕೆ ಗಂಟೆಗಟ್ಟಲೆ ಬೇಕು, ನಡುವೆ ಕರೆಂಟು ಹೋಗಬಾರದು. ಸರಿದ ಮೇಲೆ ಲಿಲೋ ಅನ್ನೋ ಪುಟ್ಟ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಬೇಕು, ಆಗಲೇ ಮಿಷನ್ನು ಏಳೋದು. "ಯಾರೂ ಮುಟ್ಟಬ್ಯಾಡ್ರಿ" ಅಂತ ಚೀಟಿ ಅಂಟಿಸಿ ಚಾ ಕುಡಿಯೋಕೆ ಹೋದೆ.

ಅವತ್ತು ಅಮಾಸಿ. ಅಮಾಸಿ ಬಂದರೆ ನಮ್ಮ ಸಾಹುಕಾರರು ಪ್ರೆಸ್ಸಿನ ಮಿಷನ್ನೆಲ್ಲ ಬಂದ್ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ ಕಾಯಿ ಒಡೆಯೋರು. ವಾಪಸ್ ಬಂದಾಗ ಮಾನಿಟರ್ ಮೇಲೆ ಮೂರು ಬೆರಳಿನ ವಿಭೂತಿ. ನನ್ನ ಚೀಟಿಗೂ ಒಂದು ಹೂವು. ಪ್ಲಗ್ಗು ನೆಲದ ಮೇಲಿತ್ತು.

"ಯಾಕ್ರೀ ಕಿತ್ತಿರಿ? ಚೀಟಿ ಕಾಣ್ಲಿಲ್ಲೇನು?"

"ಓಡೋ ಮಿಷನ್‌ಗೆ ಯಾರಾದ್ರೂ ಪೂಜಿ ಮಾಡ್ತಾರೇನವ್ವಾ? ನಾ ಏನೂ ಮುಟ್ಟಿಲ್ಲ, ಒರೆಸೀನಷ್ಟೇ" ಅಂತ ಕೊಬ್ಬರಿ ಚೂರು ಚಾಚಿದರು. ಥೂ! ಅದನ್ನು ಅವರ ಮುಖಕ್ಕೇ ಎಸೀಬೇಕು ಅನ್ನಿಸಿತ್ತು.

ಫ್ಲಾಪಿಯಿಂದ ಒಳಗೆ ಹೋಗಿ ನೋಡಿದೆ. ಎಲ್ಲಾ ಕಲಸುಮೇಲೋಗರ. ಅರ್ಧ ಹಳೇ ಜಾಗದಲ್ಲಿ, ಅರ್ಧ ಹೊಸದರಲ್ಲಿ, ಎಲ್ಲಿ ನಿಂತಿತ್ತು ಅನ್ನೋ ಗುರುತೇ ಇಲ್ಲ. ಫ್ಲಾಪಿ ತೆಗೆದು ಆನ್ ಮಾಡಿದರೆ ಲಿಲೋ ಹೆಸರಿನ ಮೊದಲ ಎರಡು ಅಕ್ಷರ, ಎಲ್, ಐ, ಮೂಡಿ ಅಲ್ಲೇ ನಿಂತವು. ಪದಗಳನ್ನು ಬೇರೆ ಫ್ಲಾಪಿಗೆ ಇಳಿಸಿಕೊಂಡಿರಲಿಲ್ಲ ನಾನು, ಸೋಮಾರಿ ಮುಂಡೇದು. ಇರಲಿ, ಮೇಷ್ಟ್ರ ಹತ್ತಿರ ಹಾಳೆ ಇವೆಯಲ್ಲ, ಮತ್ತೆ ಟೈಪ್ ಮಾಡಿದರಾಯಿತು ಅಂತ ಹಲ್ಲು ಕಚ್ಚಿಕೊಂಡು ಕೂತೆ.

ಅಷ್ಟೊತ್ತಿಗೆ ಮೇಷ್ಟ್ರು ಬಂದರು.

"ಆ ಹಾಳಿ ಒಂದ್ಸಲ ಕೊಡ್ರಿ ಮೇಷ್ಟ್ರೇ."

"ನೀನೇ ಬಿಟ್ಟುಬಿಡ್ರಿ ಅಂದ್ಯಲ್ಲವ್ವಾ. ಅವ್ವನ ಪದ, ಕಸಕ್ಕ ಹಾಕಾಕ ಆಗತೈತೇನು? ಅಮಾಸಿ ಐತಂತ ಬೆಳಿಗ್ಗೆ ಹೊಳಿಗೆ ಬಿಟ್ಟು ಬಂದೆ."

ಸಾಹುಕಾರರಿಗೆ ಅಂತ ನಾಲಿಗೆ ಮೇಲೆ ಇಟ್ಟುಕೊಂಡಿದ್ದ ಬೈಗಳೆಲ್ಲ ಈಗ ನನಗೇ ಸಲ್ಲಬೇಕಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಇಷ್ಟೇ ಕಾಣ್ತೈತಲ್ಲವ್ವಾ, ಎರಡು ಅಕ್ಷರ. ಅವ್ವನ ಪದ ತಗಿ, ನೋಡೋಣ" ಅಂದರು.