ಹಸುವಿನ ಪಕ್ಕ ಕೂತ ಗಂಗಮ್ಮ

ಗಂಗಮ್ಮ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದವನೇ ಅಲ್ಲ. ಅಭಯಾರಣ್ಯದ ಅಂಚಿನ ಹಳ್ಳಿಯವಳು. ತಾನು ಬರುವುದು ಕಾಡುಪ್ರಾಣಿಗಳಿಗೆ ಗೊತ್ತಾಗಲಿ ಅಂತ, ಒಬ್ಬಳೇ ದನ ಕಾಯುವಾಗಲೂ ಜೋರಾಗಿ ಮಾತಾಡುತ್ತಾ ನಡೆಯುತ್ತಿದ್ದಳು. ಭದ್ರಾವತಿಯಿಂದ ಹಾಲಿನ ವ್ಯಾನ್ ಓಡಿಸಿಕೊಂಡು ಹೋಗುತ್ತಿದ್ದ ನನಗೆ ಊರ ತಿರುವಿನಲ್ಲೇ ಆಕೆಯ ಬೈಗುಳ ಕೇಳುತ್ತಿತ್ತು.

“ಬಂದ್ಯಾ ಮಾರಾಯ? ಹಾಲು ಒಡೆದ ಮೇಲೆ ಬರ್ಬೇಕಿತ್ತು!”

ಬೈದವಳೇ ಕಾಫಿ ಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಸುಗಳೇ ಆಕೆಯ ಬದುಕು. ಕಾಡಿನೊಳಗೆ ಮೇಯಿಸುವುದನ್ನು ಅರಣ್ಯದವರು ನಿಲ್ಲಿಸಿದ್ದರಿಂದ ಕೆರೆಯಂಚಿನ ಹುಲ್ಲೇ ಗತಿಯಾಗಿತ್ತು.

ಒಂದು ಬೆಳಿಗ್ಗೆ ನಾನು ಹೋದಾಗ ಆ ಕೆರೆ ಏರಿಯ ಮೇಲೆ ಊರೇ ನಿಂತಿತ್ತು. ಕೆಳಗೆ ಹುಲಿ ಹೊಡೆದ ಹಸು. ಅದರ ಪಕ್ಕದಲ್ಲಿ ಗಂಗಮ್ಮ ಕೂತಿದ್ದಳು. ಎದುರಿಗೆ ಆಕೆಯ ಮೈದುನ ಶಿವಣ್ಣ, ಕೈಯಲ್ಲಿ ಅಡಿಕೆಗೆ ಹೊಡೆಯುವ ವಿಷದ ಬಾಟಲಿ. ಉಳಿದ ಮಾಂಸಕ್ಕೆ ಹುಲಿ ಮತ್ತೆ ಬಂದೇ ಬರುತ್ತದೆ, ತಿಂದು ಸಾಯಲಿ ಎಂದು ಅವನು ನಿರ್ಧರಿಸಿದ್ದ.

“ಏಳಿ ಅತ್ತಿಗೆ. ಇವತ್ತು ನಿಮ್ಮ ಹಸು, ನಾಳೆ ನನ್ನ ಎತ್ತು. ಆಮೇಲೆ ಮಕ್ಕಳು.”

“ಏಳಲ್ಲ.”

“ಹುಲಿ ಮೇಲೆ ಅಷ್ಟು ಪ್ರೀತಿನಾ?”

“ಪ್ರೀತಿ! ಕೈಗೆ ಸಿಕ್ಕಿದ್ರೆ ನಾನೇ ಕತ್ತು ಹಿಸುಕ್ತಿದ್ದೆ. ಅದು ಸತ್ರೆ ನಿನ್ನ ಜೈಲಿಗೆ ಎಳ್ಕೊಂಡು ಹೋಗ್ತಾರಲ್ಲೋ. ನಿನ್ನ ಹೆಣ್ಣುಮಕ್ಕಳಿಗೆ ಯಾರು ದಿಕ್ಕು?”

ಶಿವಣ್ಣ ಮುಚ್ಚಳ ತಿರುಗಿಸಿ ಮುಂದೆ ಬಂದ. ಗಂಗಮ್ಮ ಹಸುವಿನ ಗಾಯದ ಮೇಲೆ ಎರಡೂ ಅಂಗೈ ಊರಿದಳು. “ಹುಯ್ಯಿ. ನನ್ನ ಕೈ ಮೇಲೇ ಹುಯ್ಯಿ.”

ಅಷ್ಟರಲ್ಲಿ ಆಕೆಯ ಬೆನ್ನ ಹಿಂದಿನ ಪೊದೆ ಅಲುಗಿತು. ಏರಿಯ ಮೇಲಿದ್ದವರು ದಿಕ್ಕಾಪಾಲಾದರು. ನಾನೊಬ್ಬ ಅಲ್ಲೇ ಉಳಿದೆ. ಗಂಗಮ್ಮ ತಿರುಗಿ ಸಹ ನೋಡಲಿಲ್ಲ, ಶಿವಣ್ಣನನ್ನೇ ನೋಡುತ್ತಿದ್ದಳು. ಪೊದೆ ಮತ್ತೆ ಅಲುಗಲಿಲ್ಲ. ಶಿವಣ್ಣ ಮುಚ್ಚಳ ಬಿಗಿದು ಮನೆ ಕಡೆ ನಡೆದ. ಅರಣ್ಯದವರ ಜೀಪು ಬರುವ ತನಕ ಆಕೆ ಕೂತೇ ಇದ್ದಳು.

ಪರಿಹಾರವೇನೋ ಬಂತು. ಆದರೆ ಹುಲ್ಲಿಗೆ ಹೋಗುವ ಧೈರ್ಯ ಹೋಯಿತು. ಉಳಿದ ಹಸುಗಳನ್ನು ಮಾರಿ ಭದ್ರಾವತಿಯ ಜನ್ನಾಪುರದಲ್ಲಿದ್ದ ಮಗಳ ಮನೆ ಸೇರಿದಳು.

ಕೊನೆಯ ಸಲ ಸಿಕ್ಕಿದ್ದು ಅಲ್ಲಿಯ ಬಸ್ ಸ್ಟಾಪಿನಲ್ಲಿ. ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು.

“ಹುಲಿ ಶಿವಣ್ಣನ ಎತ್ತು ಹೊಡೀತಂತೆ,” ಅಂದಳು. “ಇಲ್ಲೀವರೆಗೂ ಬಂದಿದ್ದ. ಒಳಗೆ ಬಾ ಅಂದ್ರೂ ಬರ್ಲಿಲ್ಲ. ‘ನಿಮ್ಮ ಹುಲಿ ನನ್ನ ಎತ್ತು ತಿಂತು ಅತ್ತಿಗೆ’ ಅಂದು ಹೊರಟೇಹೋದ.”

ಹಾಲಿನ ಪ್ಯಾಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದಳು: “ಅವತ್ತು ನಾನು ಎದ್ದು ಬಿಡ್ಬೇಕಿತ್ತಾ, ಮಾರಾಯ?”

ಬಸ್ಸು ಬಂತು. ಮುಂದಿನ ಮಳೆಗಾಲದಲ್ಲಿ ಗಂಗಮ್ಮ ಹೋಗಿಬಿಟ್ಟಳು. ಮಣ್ಣಿಗೆ ಶಿವಣ್ಣ ಬಂದಿದ್ದ, ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದುಕೊಂಡು.